ಖೀರ್‌ಗಂಗೆಯ ಬಿಸಿನೀರಿನ ಕೊಳಕ್ಕೆ ಹೋಗುವವರಿಗೆ ಒಂದು ಕೈಪಿಡಿ

ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ಪಾರ್ವತಿ ಕಣಿವೆಯಲ್ಲಿ ಮೋಟಾರು ರಸ್ತೆಯು ಬರ್ಶೈನಿ ಎಂಬ ಊರಿನ ಸುತ್ತಮುತ್ತ ಮುಗಿಯುತ್ತದೆ. ಅಲ್ಲಿಂದ ಮುಂದೆ, ಹಿಡಿಯುವ ದಾರಿಗೆ ತಕ್ಕಂತೆ 10ರಿಂದ 13 ಕಿ.ಮೀ. ದೂರ ಹಳ್ಳಿ, ಹೊಲ, ದೇವದಾರು ಮತ್ತು ಪೈನ್ ಕಾಡುಗಳನ್ನು ಹಾಯ್ದು ಏರಿದರೆ, ಸಮುದ್ರಮಟ್ಟದಿಂದ ಸುಮಾರು 2,950 ಮೀಟರ್ ಎತ್ತರದ ಹುಲ್ಲುಗಾವಲಿನಲ್ಲಿ ಖೀರ್‌ಗಂಗೆಯ ಬಿಸಿನೀರಿನ ಕೊಳ ಸಿಗುತ್ತದೆ. ಬೆಂಗಳೂರಿನಿಂದ ಹೋಗುವ ಯುವಕ ಯುವತಿಯರ ಸಂಖ್ಯೆ ಈಚಿನ ವರ್ಷಗಳಲ್ಲಿ ಹೆಚ್ಚಿರುವುದರಿಂದ ಅಲ್ಲಿನ ಢಾಬಾಗಳಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವೇನಲ್ಲ. ಆದರೆ ಹೊರಡುವ ಮುನ್ನ ಅವರು ವಿಚಾರಿಸುವುದು ಹೆಚ್ಚಾಗಿ ಬಸ್ಸು ಮತ್ತು ಟೆಂಟಿನ ಬಾಡಿಗೆಯನ್ನು. ಈ ಪ್ರಯಾಣದಲ್ಲಿ ತಪ್ಪುಗಳಾಗುವುದು ಬಸ್ಸಿನಲ್ಲಲ್ಲ. ಕೊಳಕ್ಕಿಳಿಯುವ ಮುಂಚಿನ ಒಂದು ಗಂಟೆಯಲ್ಲಿ ಮತ್ತು ಕೊಳದಿಂದ ಎದ್ದ ನಂತರದ ಒಂದು ಗಂಟೆಯಲ್ಲಿ. ಆ ಎರಡು ಗಂಟೆಗಳು ಸುಸೂತ್ರವಾಗಿ ಕಳೆಯುವಂತೆ ಉಳಿದೆಲ್ಲವನ್ನೂ ಹೊಂದಿಸಿಕೊಳ್ಳಬೇಕು ಎಂಬುದು ಈ ಬರಹದ ಆಧಾರ.

ನೀರು ಏಕೆ ಬಿಸಿಯಾಗಿದೆ

ಪಾರ್ವತಿ ಕಣಿವೆಯಲ್ಲಿ ಜ್ವಾಲಾಮುಖಿ ಇಲ್ಲ. ಮಳೆಯ ನೀರು ಮತ್ತು ಕರಗಿದ ಹಿಮದ ನೀರು ಬಂಡೆಯ ಬಿರುಕುಗಳ ಮೂಲಕ ಬಹಳ ಆಳಕ್ಕೆ ಇಳಿದು, ಅಲ್ಲಿನ ಶಾಖದಿಂದ ಕಾದು, ಮತ್ತೊಂದು ಬಿರುಕಿನ ದಾರಿಯಲ್ಲಿ ಮೇಲಕ್ಕೆ ಬರುತ್ತದೆ. ಕೆಳಗಿನ ಮಣಿಕರಣ್‌ನಲ್ಲಿ, ಸುಮಾರು 1,760 ಮೀಟರ್ ಎತ್ತರದಲ್ಲಿ, ಈ ನೀರು ಹೆಚ್ಚುಕಡಿಮೆ ಕುದಿಯುತ್ತಲೇ ಹೊರಬರುತ್ತದೆ. ಅಷ್ಟು ಎತ್ತರದಲ್ಲಿ ನೀರು 100ರ ಬದಲು ಸುಮಾರು 94 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಇದು ಆಶ್ಚರ್ಯವೆನಿಸದು. ಅಲ್ಲಿನ ಗುರುದ್ವಾರದ ಲಂಗರ್‌ಗೆ (ಎಲ್ಲರಿಗೂ ಬಡಿಸುವ ಉಚಿತ ಊಟಕ್ಕೆ) ಬೇಕಾದ ಅಡುಗೆಯ ಒಂದು ಭಾಗ ಈ ಬುಗ್ಗೆಯಲ್ಲೇ ಬೇಯುತ್ತದೆ. ಯಾತ್ರಿಕರು ಅಕ್ಕಿ ಅಥವಾ ಕಡಲೆಯನ್ನು ಸಣ್ಣ ಬಟ್ಟೆಯ ಗಂಟಿನಲ್ಲಿ ಕಟ್ಟಿ, ದಾರದ ತುದಿಯನ್ನು ಕೈಯಲ್ಲಿ ಹಿಡಿದು ಕುದಿಯುವ ಕುಂಡಕ್ಕೆ ಇಳಿಬಿಡುತ್ತಾರೆ. ಇದೇ ಶಾಖದಿಂದ ವಿದ್ಯುತ್ ತೆಗೆಯಬಹುದೇ ಎಂದು ನೋಡಲು ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ) ರೂಪಿಸಿದ 5 ಕಿಲೋವಾಟ್ ಸಾಮರ್ಥ್ಯದ ಪ್ರಾಯೋಗಿಕ ಘಟಕವೊಂದನ್ನು ಹಿಂದೆ ಮಣಿಕರಣ್‌ನಲ್ಲಿ ಸ್ಥಾಪಿಸಿದ್ದರು ಎಂಬುದು ಕನ್ನಡಿಗರಿಗೆ ಕುತೂಹಲದ ಸಂಗತಿ.

ನಮ್ಮಲ್ಲಿ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥವನ್ನು ನೋಡಿದವರಿಗೆ ಬಿಸಿನೀರಿನ ಬುಗ್ಗೆ ಎಂದರೆ ಉಗುರುಬೆಚ್ಚಗಿನ ನೀರು ಎಂಬ ಕಲ್ಪನೆ ಇರುತ್ತದೆ. ಹಿಮಾಲಯದ ಬುಗ್ಗೆಗಳಿಗೆ ಆ ಕಲ್ಪನೆಯನ್ನು ಹೊತ್ತುಕೊಂಡು ಹೋಗಬಾರದು. ಮಣಿಕರಣ್‌ನಲ್ಲಿ ಹಬೆಯೇಳುವ ಯಾವ ಕುಂಡಕ್ಕೂ ಬೆರಳು ಅದ್ದಬೇಡಿ. ಸ್ನಾನಕ್ಕೆಂದೇ ತಣ್ಣೀರು ಬೆರೆಸಿ ಹದಗೊಳಿಸಿದ ಕೊಳಗಳು ಬೇರೆ ಇವೆ. ಖೀರ್‌ಗಂಗೆಯ ಕೊಳದ ನೀರು ಮೈ ಸಹಿಸುವಷ್ಟೇ ಬಿಸಿಯಾಗಿರುತ್ತದೆ, ಆದರೂ ನೀರು ಬೀಳುವ ಬಾಯಿಯ ಹತ್ತಿರಕ್ಕೂ ದೂರದ ಮೂಲೆಗೂ ಬಿಸಿಯಲ್ಲಿ ವ್ಯತ್ಯಾಸವಿರುತ್ತದೆ.

ಯಾವಾಗ ಹೋಗಬೇಕು

ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗೆ ಒಂದು ಕಾಲ, ಸೆಪ್ಟೆಂಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ ಇನ್ನೊಂದು ಕಾಲ. ಎರಡರಲ್ಲಿ ಎರಡನೆಯದು ಮೇಲು: ಮಳೆ ನಿಂತು ಆಕಾಶ ತೊಳೆದಂತಿರುತ್ತದೆ, ಬೇಸಿಗೆ ರಜೆಯ ಗುಂಪು ಕರಗಿರುತ್ತದೆ, ಸೇಬಿನ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದಾರಿಯಲ್ಲಿ ಹಿಮವಿರುತ್ತದೆ, ಢಾಬಾಗಳು ಮುಚ್ಚಿರುತ್ತವೆ. ಹಿಮದ ನಡಿಗೆಯ ಅಭ್ಯಾಸ ಮತ್ತು ಸ್ಥಳೀಯ ಮಾರ್ಗದರ್ಶಿ ಎರಡೂ ಇಲ್ಲದವರು ಆಗ ಹೋಗಕೂಡದು.

ಜುಲೈ ಮತ್ತು ಆಗಸ್ಟ್ ತಿಂಗಳುಗಳನ್ನು ಸಂಪೂರ್ಣವಾಗಿ ಬಿಟ್ಟುಬಿಡಿ. ಸಹ್ಯಾದ್ರಿಯ ಮಳೆಯಲ್ಲಿ ನಡೆದು ರೂಢಿಯಾದವರಿಗೆ ಮಳೆಯ ಚಾರಣವೇ ಸೊಗಸು ಎನಿಸಬಹುದು. ಕುಮಾರಪರ್ವತದ ಮಳೆ ಒದ್ದೆ ಮಾಡುತ್ತದೆ, ಜಾರಿಸುತ್ತದೆ, ಜಿಗಣೆ ಹತ್ತಿಸುತ್ತದೆ. ಪಾರ್ವತಿ ಕಣಿವೆಯ ಮಳೆಯಾದರೆ ಗುಡ್ಡವನ್ನೇ ಕೆಳಗಿಳಿಸುತ್ತದೆ. 2022ರ ಜುಲೈನಲ್ಲಿ ಮಣಿಕರಣ್ ಬಳಿಯ ಚೋಜ್‌ನಲ್ಲಿ ಮೇಘಸ್ಫೋಟವಾಗಿ ನದಿಯ ದಂಡೆಯಲ್ಲಿದ್ದ ಕ್ಯಾಂಪಿನ ಜಾಗ ಕೊಚ್ಚಿಹೋಯಿತು. 2023ರ ಜುಲೈನ ಪ್ರವಾಹದಲ್ಲಿ ಕುಲ್ಲು ಮತ್ತು ಮನಾಲಿಯ ನಡುವಿನ ಹೆದ್ದಾರಿ ಹಲವೆಡೆ ಕಿತ್ತುಹೋಗಿ ಸಾವಿರಾರು ಪ್ರವಾಸಿಗರು ಕಣಿವೆಗಳಲ್ಲಿ ಸಿಕ್ಕಿಕೊಂಡರು.

ಬರ್ಶೈನಿಯವರೆಗೆ

ಬೆಂಗಳೂರಿನಿಂದ ದೆಹಲಿಗಾಗಲಿ ಚಂಡೀಗಡಕ್ಕಾಗಲಿ ವಿಮಾನದಲ್ಲಿ ಹೋಗಬಹುದು. ರೈಲು ಬೇಕೆನ್ನುವವರಿಗೆ ಯಶವಂತಪುರದಿಂದ ಚಂಡೀಗಡಕ್ಕೆ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಇದೆ. ಅಲ್ಲಿಂದ ಮನಾಲಿಯ ಕಡೆಗೆ ಹೋಗುವ ರಾತ್ರಿ ಬಸ್ಸು ಹಿಡಿದು, ಔಟ್ ಸುರಂಗ ದಾಟಿದ ಮೇಲೆ ಎಚ್ಚರವಾಗಿದ್ದು, ಪಾರ್ವತಿ ನದಿ ಬಿಯಾಸ್ ನದಿಯನ್ನು ಸೇರುವ ಭುಂತರ್‌ನಲ್ಲಿ ಇಳಿಯಬೇಕು. ನಿದ್ದೆಯಲ್ಲಿದ್ದರೆ ಬಸ್ಸು ನೇರ ಕುಲ್ಲುವಿಗೆ ಕರೆದೊಯ್ಯುತ್ತದೆ, ಮತ್ತೆ ಹಿಂದಕ್ಕೆ ಬರಬೇಕಾಗುತ್ತದೆ. ಭುಂತರ್‌ನಿಂದ ಕಸೋಲ್‌ಗೆ ಸುಮಾರು 30 ಕಿ.ಮೀ.; ಕಸೋಲ್ ದಾಟಿದರೆ ಮಣಿಕರಣ್, ಅದರ ಮುಂದೆ ಸುಮಾರು 15 ಕಿ.ಮೀ. ದೂರದಲ್ಲಿ ಬರ್ಶೈನಿ. ಹಗಲಿನಲ್ಲಿ ಸ್ಥಳೀಯ ಬಸ್ಸುಗಳು ಓಡುತ್ತವೆ, ಷೇರ್ ಟ್ಯಾಕ್ಸಿಗಳೂ ಇವೆ. ನಗದನ್ನು ಭುಂತರ್ ಅಥವಾ ಕಸೋಲ್‌ನಲ್ಲೇ ತೆಗೆದಿಟ್ಟುಕೊಳ್ಳಿ. ಮೇಲೆ ಮೊಬೈಲ್ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು ಎನ್ನುವಂತಿರುವುದರಿಂದ ಯುಪಿಐ ನಂಬಿಕೊಂಡು ಹೋದವರು ಒಂದು ಕಪ್ ಚಹಕ್ಕೂ ಪರದಾಡಬೇಕಾದೀತು.

ಬಸ್ಸಿಳಿದ ದಿನವೇ ಏರತೊಡಗುವುದು ಸರಿಯಲ್ಲ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಮಂಗಳೂರು ಸಮುದ್ರದ ಪಕ್ಕದಲ್ಲೇ ಇದೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ ಮತ್ತು ಖೀರ್‌ಗಂಗೆ ಆ ಗೆರೆಯ ಮೇಲಿದೆ. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟು, ಸರಿಯಾಗಿ ನೀರು ಕುಡಿಯದೆ, ಅದೇ ದಿನ 700 ಮೀಟರಿಗಿಂತ ಹೆಚ್ಚು ಏರಿ, ಬಂದ ಕೂಡಲೇ ಬಿಸಿನೀರಿಗೆ ಇಳಿದವರಿಗೆ ರಾತ್ರಿ ತಲೆನೋವು ಮತ್ತು ವಾಕರಿಕೆ ಬಂದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಒಂದು ರಾತ್ರಿ ಬರ್ಶೈನಿಯ ಹತ್ತಿರದ ಹಳ್ಳಿಗಳಾದ ಕಲ್ಗಾ, ಪುಲ್ಗಾ ಅಥವಾ ತೋಶ್‌ನಲ್ಲಿ ಕಳೆಯಿರಿ. ಸೇಬಿನ ತೋಟಗಳ ನಡುವೆ ಮರದ ಮನೆಗಳಿರುವ ಕಲ್ಗಾ ಈ ಮೂರರಲ್ಲಿ ಶಾಂತವಾದದ್ದು. ಕಸೋಲ್‌ನ ಗದ್ದಲದಲ್ಲಿ ಆ ರಾತ್ರಿ ಕಳೆಯುವುದಕ್ಕಿಂತ ಇದು ಎಷ್ಟೋ ವಾಸಿ.

ದಾರಿ ಯಾವುದು

ಬರ್ಶೈನಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಪಾರ್ವತಿ ಜಲವಿದ್ಯುತ್ ಯೋಜನೆಯ ಅಣೆಕಟ್ಟು. 800 ಮೆಗಾವಾಟ್‌ನ ಈ ಯೋಜನೆಯು ಇಲ್ಲಿನ ನೀರನ್ನು 31 ಕಿ.ಮೀ.ಗಿಂತ ಉದ್ದದ ಸುರಂಗದ ಮೂಲಕ ಪಕ್ಕದ ಸೈಂಜ್ ಕಣಿವೆಗೆ ಒಯ್ಯುತ್ತದೆ. ಚಾರಣಿಗರಿಗೆ ಇದರಿಂದ ತಿಳಿಯಬೇಕಾದ ಪಾಠ ಒಂದೇ: ಅಣೆಕಟ್ಟಿನ ಕೆಳಗಿನ ನದಿಪಾತ್ರದಲ್ಲಿ ನೀರು ಎಷ್ಟೇ ಕಡಿಮೆಯಿದ್ದರೂ ಬಂಡೆಗಳ ಮೇಲೆ ಇಳಿದು ಫೋಟೊ ತೆಗೆಸಿಕೊಳ್ಳಬಾರದು. 2014ರ ಜೂನ್‌ನಲ್ಲಿ ಪಕ್ಕದ ಮಂಡಿ ಜಿಲ್ಲೆಯ ಸೀಮೆಯಲ್ಲಿ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಬಿಯಾಸ್ ನದಿಗೆ ಇಳಿದಿದ್ದ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಗುಂಪು ಕೊಚ್ಚಿಹೋಯಿತು. ಅವರೂ ದಕ್ಷಿಣದಿಂದ ಹೋಗಿದ್ದವರು.

ಏರುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ನಕ್ತಾನ್ ಹಳ್ಳಿಯ ಮೂಲಕ ಹೋಗುತ್ತದೆ. ತೋಶ್ ಕಡೆಯಿಂದ ಬರುವವರೂ ಇದನ್ನೇ ಸೇರಿಕೊಳ್ಳುತ್ತಾರೆ. ಇನ್ನೊಂದು ನದಿಯ ಆಚೆ ದಡದಲ್ಲಿ, ಕಲ್ಗಾದಿಂದ ಕಾಡಿನೊಳಗೆ ಹೋಗುತ್ತದೆ. ನಕ್ತಾನ್ ದಾರಿಯಲ್ಲಿ ಮನೆಗಳು, ಹೊಲಗಳು, ಢಾಬಾಗಳು, ಎದುರಿನಿಂದ ಬರುವ ಜನ ಎಲ್ಲ ಇರುತ್ತಾರೆ. ಬಿಸಿಲು ಹೆಚ್ಚು, ದಾರಿ ತಪ್ಪುವ ಭಯ ಕಡಿಮೆ. ಮಧ್ಯದಲ್ಲಿ ರುದ್ರನಾಗ್ ಸಿಗುತ್ತದೆ. ಬಂಡೆಯ ಮೇಲಿಂದ ಹಾವಿನಂತೆ ಬಳುಕಿ ಬೀಳುವ ನೀರು, ಪಕ್ಕದಲ್ಲಿ ಮರದ ಗುಡಿ. ಕುಲ್ಲು ಸೀಮೆಯ ದೇವತೆಗಳನ್ನು ಪಲ್ಲಕ್ಕಿಯಲ್ಲಿ ಹೊತ್ತು ಸ್ನಾನಕ್ಕೆ ತರುವ ಪುಣ್ಯಸ್ಥಳ ಇದು. ಆ ನೀರಿನಲ್ಲಿ ಕಾಲು ತೊಳೆಯುವುದು, ಗುಡಿಯ ಜಗುಲಿಯಲ್ಲಿ ಬೂಟು ಹಾಕಿಕೊಂಡು ಕೂರುವುದು ಸಲ್ಲದು. ರುದ್ರನಾಗ್ ನಂತರ ಕಾಲುಸೇತುವೆಯ ಮೇಲೆ ಪಾರ್ವತಿಯನ್ನು ದಾಟಿ, ದಟ್ಟ ಕಾಡಿನೊಳಗಿನ ನಿಜವಾದ ಏರು ಶುರುವಾಗುತ್ತದೆ. ಅಲ್ಲಿಯವರೆಗಿನ ಸಮತಟ್ಟಿನಲ್ಲಿ ಓಡಿದವರು ಇಲ್ಲಿ ಏದುಸಿರು ಬಿಡುತ್ತಾರೆ.

ಕಲ್ಗಾ ದಾರಿ ನೆರಳಿನದು, ನೋಡಲು ಇನ್ನೂ ಚೆಂದ, ಆದರೆ ನಿರ್ಜನ. ಕಟ್ಟಿಗೆಗೂ ದನಕರುಗಳಿಗೂ ಹೋಗುವ ಕವಲುಹಾದಿಗಳು ಅಲ್ಲಲ್ಲಿ ಮುಖ್ಯ ದಾರಿಯಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಮೊದಲ ಬಾರಿ ಹೋಗುವವರು ನಕ್ತಾನ್ ದಾರಿಯಿಂದ ಏರಿ, ಅದೇ ದಾರಿಯಿಂದ ಇಳಿಯುವುದು ಒಳ್ಳೆಯದು. ಕಲ್ಗಾ ದಾರಿ ನೋಡಲೇಬೇಕೆಂದರೆ ಗುಂಪಿನಲ್ಲಿ, ಬೆಳಗಿನ ಹೊತ್ತಿನಲ್ಲಿ, ಸ್ಥಳೀಯರೊಬ್ಬರನ್ನು ಜತೆಗೆ ಕರೆದುಕೊಂಡು ಹೋಗಿ. ಈ ಕಣಿವೆಯಲ್ಲಿ 1990ರ ದಶಕದಿಂದೀಚೆಗೆ ಒಬ್ಬೊಬ್ಬರೇ ಅಲೆಯುತ್ತಿದ್ದ ಹಲವು ಪ್ರವಾಸಿಗರು ಕಾಣೆಯಾಗಿದ್ದಾರೆ, ಕೆಲವರ ಸುಳಿವು ಇಂದಿಗೂ ಸಿಕ್ಕಿಲ್ಲ. ಆದ್ದರಿಂದ ಎಲ್ಲಿಗೆ ಹೋಗುತ್ತಿದ್ದೀರಿ, ಯಾವಾಗ ಮರಳುತ್ತೀರಿ ಎಂಬುದನ್ನು ತಂಗಿದ ಮನೆಯವರಿಗೂ ಊರಿನಲ್ಲಿರುವ ಒಬ್ಬರಿಗೂ ಹೇಳಿ ಹೊರಡಬೇಕು.

ನಾಲ್ಕರಿಂದ ಆರು ಗಂಟೆಗಳ ನಡಿಗೆ ಇದು. ಬೆಳಿಗ್ಗೆ ಎಂಟು ಗಂಟೆಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಮೇಲಿರಬಹುದು. ಹನ್ನೊಂದರ ಮೇಲೆ ಹೊರಡುವುದಾದರೆ ಆ ದಿನ ಹೊರಡದಿರುವುದೇ ಲೇಸು. ಕಣಿವೆ ಇಕ್ಕಟ್ಟಾದದ್ದರಿಂದ ಸೂರ್ಯ ಬೇಗ ಬೆಟ್ಟದ ಹಿಂದೆ ಸರಿಯುತ್ತಾನೆ, ಕೊನೆಯ ಏರಿನ ಕಾಡಿನಲ್ಲಿ ಕತ್ತಲು ಇನ್ನೂ ಬೇಗ ಕವಿಯುತ್ತದೆ.

ಚೀಲದಲ್ಲಿ ಏನಿರಬೇಕು

ಚಾರಣದ ಸಾಮಾನ್ಯ ಸಾಮಗ್ರಿ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ಪಟ್ಟಿ ಮಾಡುವುದಿಲ್ಲ. ಬಿಸಿನೀರಿನ ಕೊಳವಿದೆ ಎಂಬ ಒಂದೇ ಕಾರಣಕ್ಕೆ ಬೇಕಾಗುವ ವಸ್ತುಗಳು ಕೆಲವಿವೆ. ಮೊದಲನೆಯದು, ಸ್ನಾನದ ನಂತರ ಮಾತ್ರ ತೊಡಬೇಕಾದ, ಅಲ್ಲಿಯವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಸುತ್ತಿಟ್ಟ, ಸಂಪೂರ್ಣ ಒಣಗಿದ ಒಂದು ಜತೆ ಬಟ್ಟೆ: ಥರ್ಮಲ್ ಒಳಉಡುಪು, ಉಣ್ಣೆಯ ಕಾಲುಚೀಲ, ಕಿವಿ ಮುಚ್ಚುವ ಟೊಪ್ಪಿ. ಏರುವಾಗ ಚಳಿಯಾಯಿತೆಂದು ಇದನ್ನು ಮುಟ್ಟಬಾರದು. ಎರಡನೆಯದು ಟವೆಲ್. ದಪ್ಪ ಟರ್ಕಿ ಟವೆಲ್ ಆ ಚಳಿಯಲ್ಲಿ ಎರಡು ದಿನವಾದರೂ ಒಣಗುವುದಿಲ್ಲ, ಒದ್ದೆಯಾದ ಮೇಲೆ ಹೊರುವುದೂ ಕಷ್ಟ. ಕರಾವಳಿಯವರು ಬೈರಾಸು ಎನ್ನುವ ತೆಳು ಹತ್ತಿಯ ವಸ್ತ್ರ ಎರಡಿದ್ದರೆ ಒಂದು ಮೈಗೆ, ಒಂದು ತಲೆಗೆ ಸಾಕು. ಮೂರನೆಯದು ರಬ್ಬರ್ ಚಪ್ಪಲಿ. ಕೊಳದಿಂದ ಹೊರಹೋಗುವ ನೀರು ಹರಿದ ಕಲ್ಲುಗಳ ಮೇಲೆ ಬಿಳಿಯ ಪದರ ಕೂತಿರುತ್ತದೆ, ಅಲ್ಲಲ್ಲಿ ನೂಲಿನಂತಹ ಎಳೆಗಳು ಹರಿವಿನಲ್ಲಿ ತೂಗಾಡುತ್ತಿರುತ್ತವೆ. ನೋಡಲು ಹಾಲಿನ ಕೆನೆಯಂತಿದ್ದರೂ ಕಾಲಿಟ್ಟರೆ ಜಾರುತ್ತದೆ. ಬೂಟಿನಲ್ಲಿ ಕೊಳದ ಅಂಚಿಗೆ ಹೋಗುವಂತಿಲ್ಲ, ಬರಿಗಾಲು ತಣ್ಣನೆಯ ಕಲ್ಲಿನ ಮೇಲೆ ನಿಲ್ಲುವುದಿಲ್ಲ.

ಓಆರ್‌ಎಸ್ ಪೊಟ್ಟಣ, ಹೆಡ್‌ಲ್ಯಾಂಪ್, ಕಸಕ್ಕೆಂದೇ ಒಂದು ಗಟ್ಟಿ ಚೀಲ ಇರಲಿ. ಸೋಪು, ಶಾಂಪೂ, ಎಣ್ಣೆ ಇವನ್ನು ಕೆಳಗೇ ಬಿಟ್ಟು ಹೋಗಿ. ಬೆಳ್ಳಿಯ ಕಾಲುಂಗುರ, ಕಾಲ್ಗೆಜ್ಜೆ, ಉಡುದಾರಗಳನ್ನು ಬಿಚ್ಚಿಡುವುದು ಒಳ್ಳೆಯದು. ಗಂಧಕದ ಅಂಶವಿರುವ ಬಿಸಿನೀರಿನಲ್ಲಿ ಬೆಳ್ಳಿ ಕಪ್ಪಾಗುತ್ತದೆ.

ಕೊಳಕ್ಕೆ ಇಳಿಯುವ ಮುನ್ನ

ಮೇಲೆ ತಲುಪಿದ ಕೂಡಲೇ ಚೀಲ ಎಸೆದು ನೀರಿಗೆ ಹಾರುವ ಆಸೆ ಸಹಜ. ಅದನ್ನು ಒಂದು ಗಂಟೆ ತಡೆಹಿಡಿಯಬೇಕು. ಐದು ಗಂಟೆ ಏರಿದ ಮೈಯಲ್ಲಿ ಬೆವರಿನಿಂದ ನೀರಿನಂಶ ಕಡಿಮೆಯಾಗಿರುತ್ತದೆ. ಬಿಸಿನೀರಿನಲ್ಲಿ ಕೂತಾಗ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ. ಎತ್ತರದ ತೆಳುಗಾಳಿಯಲ್ಲಿ ಹೃದಯ ಆಗಲೇ ಹೆಚ್ಚು ದುಡಿಯುತ್ತಿರುತ್ತದೆ. ಈ ಮೂರೂ ಸೇರಿದಾಗ ಹತ್ತು ನಿಮಿಷ ಆರಾಮವಾಗಿ ಕೂತಿದ್ದವರು ಥಟ್ಟನೆ ಎದ್ದು ನಿಂತರೆ ಕಣ್ಣು ಕತ್ತಲೆ ಬಂದು ಸಿಮೆಂಟಿನ ಅಂಚಿಗೆ ಬೀಳುವ ಸಂಭವವಿದೆ. ಕೂತು ಉಸಿರಾಟ ಹದಕ್ಕೆ ಬರಲಿ. ಅರ್ಧ ಲೀಟರ್ ನೀರು ಅಥವಾ ಓಆರ್‌ಎಸ್ ನಿಧಾನವಾಗಿ ಕುಡಿಯಿರಿ. ಸ್ವಲ್ಪ ತಿನ್ನಿ, ಹೊಟ್ಟೆ ಬಿರಿಯುವಷ್ಟು ಬೇಡ. ಬೆವರಿನ ಅಂಗಿಯನ್ನು ಬದಲಿಸಿ ಒಣ ಬಟ್ಟೆ ಹಾಕಿಕೊಂಡೇ ಕಾಯಿರಿ. ತಲೆನೋವು, ವಾಕರಿಕೆ, ತಲೆಸುತ್ತು ಇವುಗಳಲ್ಲಿ ಯಾವುದಾದರೂ ಇದ್ದರೆ ಅಂದು ಕೊಳ ಬೇಡವೇ ಬೇಡ. ಲಕ್ಷಣಗಳು ಹೆಚ್ಚುತ್ತಿದ್ದರೆ ಬೆಳಕಿರುವಾಗಲೇ, ಒಬ್ಬರ ಜತೆಯಲ್ಲಿ ಕೆಳಗಿಳಿಯಬೇಕು.

ಮಧ್ಯಾಹ್ನ ಮೂರೂವರೆಯೊಳಗೆ ಈ ವಿಶ್ರಾಂತಿ ಮುಗಿದು, ಬಿಸಿಲು ಇನ್ನೂ ಹುಲ್ಲುಗಾವಲಿನ ಮೇಲಿದ್ದರೆ ಅಂದೇ ಸ್ನಾನ ಮಾಡಬಹುದು. ಇಲ್ಲವಾದರೆ ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಸಂಜೆಯ ಮಬ್ಬಿನಲ್ಲಿ ಬಿಸಿನೀರು, ಸುತ್ತ ಹಿಮಶಿಖರ ಎಂಬ ಚಿತ್ರ ಜಾಹೀರಾತುಗಳಲ್ಲಿ ಸುಂದರವಾಗಿ ಕಾಣುತ್ತದೆ. ಅದರ ನಂತರದ ಅರ್ಧ ಗಂಟೆಯನ್ನು ಯಾರೂ ಜಾಹೀರಾತಿನಲ್ಲಿ ತೋರಿಸುವುದಿಲ್ಲ. ಬೆಳಗಿನ ಜಾವಕ್ಕೆ ಇನ್ನೊಂದು ಅನುಕೂಲವೂ ಇದೆ: ಹಿಂದಿನ ದಿನದ ಗುಂಪು ಇಳಿದ ಮೇಲೆ ರಾತ್ರಿಯಿಡೀ ಹೊಸ ನೀರು ಹರಿದು ಕೊಳ ತಿಳಿಯಾಗಿರುತ್ತದೆ.

ಕೊಳದಲ್ಲಿ

ಇಲ್ಲಿನವರಿಗೆ ಇದು ಈಜುಕೊಳವಲ್ಲ, ತೀರ್ಥ. ಶಿವ ಪಾರ್ವತಿಯರ ಮಗ ಕಾರ್ತಿಕೇಯ ಇಲ್ಲಿ ತಪಸ್ಸು ಮಾಡಿದ, ಮಗನಿಗಾಗಿ ತಾಯಿ ಪಾಯಸವನ್ನೇ ಹರಿಸಿದಳು, ಕಲಿಯುಗದ ಜನ ಅದಕ್ಕಾಗಿ ಕಾದಾಡಿಯಾರು ಎಂದು ಪರಶುರಾಮ ಅದನ್ನು ನೀರಾಗಿಸಿದ ಎಂದು ಕಣಿವೆಯವರು ಹೇಳುತ್ತಾರೆ. ಮೇಲುಗಡೆ ಗುಡಿಯಿದೆ, ಅದರ ಸಮೀಪದಿಂದ ಬುಗ್ಗೆಯ ನೀರು ಕೊಳಕ್ಕೆ ಹರಿದುಬರುತ್ತದೆ. ಗಂಡಸರ ಕೊಳ ಬಯಲಿನಲ್ಲಿದೆ. ಹೆಂಗಸರಿಗೆ ಗೋಡೆ ಕಟ್ಟಿ ಮರೆಮಾಡಿದ ಪ್ರತ್ಯೇಕ ಕೊಳವಿದೆ. ಕೊಳಕ್ಕೆ ಮುನ್ನ ಹೊರಗಿನ ಧಾರೆಯಲ್ಲಿ ಮೈಯ ಬೆವರು, ಸನ್‌ಸ್ಕ್ರೀನ್, ಧೂಳು ಹೋಗುವಂತೆ ತೊಳೆದುಕೊಳ್ಳಬೇಕು. ಸೋಪು ಹಚ್ಚುವಂತಿಲ್ಲ, ಪರಿಸರಸ್ನೇಹಿ ಎಂದು ಬರೆದಿರುವ ಸೋಪೂ ಅಷ್ಟೇ, ಏಕೆಂದರೆ ಹರಿಯುವ ನೀರು ನೇರವಾಗಿ ಕೆಳಗಿನ ತೊರೆಯನ್ನು ಸೇರುತ್ತದೆ. ಮದ್ಯದ ಬಾಟಲಿ, ಸಿಗರೇಟು, ಬ್ಲೂಟೂತ್ ಸ್ಪೀಕರ್ ಇವನ್ನು ಕೊಳದ ಅಂಚಿಗೆ ತರುವವರ ಬಗ್ಗೆ ಸ್ಥಳೀಯರಿಗೆ ಎಷ್ಟು ಬೇಸರವಿದೆ ಎಂಬುದನ್ನು ಹತ್ತು ನಿಮಿಷ ಚಹದಂಗಡಿಯಲ್ಲಿ ಕೂತರೆ ಯಾರಾದರೂ ತಿಳಿಸುತ್ತಾರೆ. ಚರಸ್ ಮಾರುವವರೂ ಈ ಕಣಿವೆಯಲ್ಲಿ ಎದುರಾಗುತ್ತಾರೆ; 1985ರ ಮಾದಕವಸ್ತು ಕಾಯ್ದೆಯಡಿ ಇಟ್ಟುಕೊಳ್ಳುವುದೇ ಅಪರಾಧ, ರಸ್ತೆಯಲ್ಲಿ ಪೊಲೀಸ್ ತಪಾಸಣೆ ಸಾಮಾನ್ಯ.

ಇಳಿಯುವಾಗ ಮೊದಲು ಕೈ, ಆಮೇಲೆ ಪಾದ, ಮೊಣಕಾಲು, ಸೊಂಟ, ಹೀಗೆ ನಿಧಾನವಾಗಿ ಮೈಯನ್ನು ಒಗ್ಗಿಸಿಕೊಳ್ಳಿ. ನೀರು ಬೀಳುವ ಬಾಯಿಯಿಂದ ದೂರದಲ್ಲಿ ಕೂತರೆ ಹಿತ. ಹತ್ತು ನಿಮಿಷಕ್ಕೆ ಎದ್ದು ಅಂಚಿನಲ್ಲಿ ಕೂತು, ನೀರು ಕುಡಿದು, ಬೇಕಿದ್ದರೆ ಮತ್ತೆ ಹತ್ತು ನಿಮಿಷ ಇಳಿಯಬಹುದು. ಒಂದೇ ಸಲಕ್ಕೆ ಮುಕ್ಕಾಲು ಗಂಟೆ ಕೂರುವುದರಿಂದ ನೋವು ಹೆಚ್ಚು ಹೋಗುವುದಿಲ್ಲ, ಸುಸ್ತು ಹೆಚ್ಚುತ್ತದೆ. ಗರ್ಭಿಣಿಯರು, ಹೃದಯದ ತೊಂದರೆಯಿರುವವರು, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುಂಚೆಯೇ ವೈದ್ಯರನ್ನು ಕೇಳಿರಬೇಕು. ಮೇಲೆ ಬಂದು ಯೋಚಿಸುವ ವಿಷಯವಲ್ಲ ಇದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರು ಬಿಸಿಯನ್ನು ಪಾದದಿಂದಲ್ಲ, ಮೊಣಕೈಯಿಂದ ಪರೀಕ್ಷಿಸಬೇಕು. ಒಡೆದ ಬೊಬ್ಬೆ, ತರಚುಗಾಯ ಇರುವವರು ಕಾಲನ್ನು ಹೊರಗಿಟ್ಟು ಕೂರುವುದು ತಮಗೂ ಇತರರಿಗೂ ಕ್ಷೇಮ.

ತಲೆಯನ್ನು ಮುಳುಗಿಸಬಾರದು ಎಂಬ ನಿಯಮವನ್ನು ಸ್ವಲ್ಪ ವಿವರಿಸಬೇಕಾಗುತ್ತದೆ, ಏಕೆಂದರೆ ತೀರ್ಥವೆಂದ ಮೇಲೆ ಮೂರು ಮುಳುಗು ಹಾಕುವುದು ನಮ್ಮ ರೂಢಿ. ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ, ಬಿಸಿನೀರಿನ ಬುಗ್ಗೆಗಳಲ್ಲೂ ಸೇರಿದಂತೆ, ಬದುಕಬಲ್ಲದು. ಸುಮಾರು 46 ಡಿಗ್ರಿ ಸೆಲ್ಸಿಯಸ್‌ವರೆಗೂ ಅದು ಬೆಳೆಯುತ್ತದೆ. ನೀರು ಕುಡಿದರೆ ಅದರಿಂದ ರೋಗ ಬರುವುದಿಲ್ಲ. ಮೂಗಿನ ಮೂಲಕ ಒಳಹೊಕ್ಕರೆ ಮೆದುಳಿಗೆ ತಲುಪುತ್ತದೆ, ಆಮೇಲೆ ಬದುಕುಳಿಯುವವರು ವಿರಳ. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ವರದಿಯಾದ ಪ್ರಕರಣಗಳಿಂದ ಮೆದುಳು ತಿನ್ನುವ ಅಮೀಬಾ ಎಂಬ ಹೆಸರು ನಮ್ಮ ಪತ್ರಿಕೆಗಳಲ್ಲೂ ಬಂದಿದೆ. ಇಂತಹ ಸೋಂಕು ತೀರಾ ಅಪರೂಪ, ಮತ್ತು ಇದು ಖೀರ್‌ಗಂಗೆಯೊಂದಕ್ಕೇ ಅನ್ವಯಿಸುವ ಮಾತೂ ಅಲ್ಲ. ಯಾವ ಬಿಸಿನೀರಿನ ಬುಗ್ಗೆಗೂ ಸಲ್ಲುವ ಎಚ್ಚರಿಕೆ. ಗಲ್ಲದವರೆಗೆ ಇಳಿದು, ಕೊಳದ ನೀರನ್ನು ಮೂಗಿಗೂ ತಲೆಗೂ ಹಾಕದೆ, ಕುಡಿಯುವ ಶುದ್ಧ ನೀರನ್ನು ಬೊಗಸೆಯಲ್ಲಿ ತೆಗೆದುಕೊಂಡು ನೆತ್ತಿಗೆ ಪ್ರೋಕ್ಷಿಸಿಕೊಂಡರೆ ಭಕ್ತಿಗೇನೂ ಕೊರತೆಯಾಗದು. ಕೂದಲು ಒದ್ದೆಯಾಗದಿರುವುದು ಮುಂದಿನ ಒಂದು ಗಂಟೆಗೂ ಒಳ್ಳೆಯದು.

ಎದ್ದ ನಂತರದ ಒಂದು ಗಂಟೆ

ಏಳುವ ಮುಂಚೆ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ಏನನ್ನಾದರೂ ಹಿಡಿದುಕೊಂಡು ಎದ್ದು ನಿಲ್ಲಿ. ಮೈ ಬಿಸಿಯಾಗಿರುವುದರಿಂದ ಮೊದಲ ಐದು ನಿಮಿಷ ಚಳಿಯೇ ಗೊತ್ತಾಗುವುದಿಲ್ಲ. ಬರಿಮೈಯಲ್ಲಿ ನಿಂತು ಹರಟುವವರು, ಒದ್ದೆ ಚಡ್ಡಿಯಲ್ಲೇ ಫೋಟೊ ತೆಗೆಯುವವರು ಮೋಸಹೋಗುವುದು ಇಲ್ಲೇ. ಹಿಗ್ಗಿದ ರಕ್ತನಾಳಗಳು ದೇಹದ ಶಾಖವನ್ನು ಹೊರಗೆ ಚೆಲ್ಲುತ್ತಿರುತ್ತವೆ, ಒದ್ದೆ ಬಟ್ಟೆ ಮತ್ತು ಗಾಳಿ ಅದನ್ನು ಇನ್ನೂ ಬೇಗ ಎಳೆದುಕೊಳ್ಳುತ್ತವೆ. ನಡುಕ ಶುರುವಾಗುವ ಹೊತ್ತಿಗೆ ಬೆರಳುಗಳು ಗುಂಡಿ ಹಾಕಲೂ ಬಾರದಂತಾಗಿರುತ್ತವೆ. ಆದ್ದರಿಂದ ಸುತ್ತಿಟ್ಟ ಒಣಬಟ್ಟೆಯನ್ನು ಕೈಗೆಟುಕುವಂತೆ, ತೊಡುವ ಕ್ರಮದಲ್ಲೇ ಜೋಡಿಸಿಟ್ಟು ನೀರಿಗಿಳಿಯಬೇಕು. ಎದ್ದ ಕೂಡಲೇ ಒದ್ದೆ ಬಟ್ಟೆಯನ್ನೆಲ್ಲ ತೆಗೆದು, ಮೈ ಒರೆಸಿ, ಟೊಪ್ಪಿ ಮೊದಲು, ಕಾಲುಚೀಲ ಕೊನೆಗೆ. ಆಮೇಲೆ ಢಾಬಾದ ಒಲೆಯ ಹತ್ತಿರ ಬಿಸಿಯಾದ ಏನನ್ನಾದರೂ ಕುಡಿಯುತ್ತಾ ಕೂತುಕೊಳ್ಳಿ. ಮದ್ಯ ಬೇಡ, ಅದು ಬಿಸಿಯಾದಂತೆ ಅನ್ನಿಸಿ ಶಾಖವನ್ನು ಇನ್ನಷ್ಟು ಕಳೆಯುತ್ತದೆ.

ಮಾತು ತೊದಲುವುದು, ನಡಿಗೆ ಎಡವುವುದು, ಕಾರಣವಿಲ್ಲದೆ ಮಂಕಾಗುವುದು ಇವು ಜತೆಯವರಲ್ಲಿ ಕಂಡರೆ ಅದು ಬರೀ ಚಳಿಯಲ್ಲ ಎಂದು ತಿಳಿಯಿರಿ. ಗಾಳಿ ತಾಗದ ಕಡೆ ಒಣಬಟ್ಟೆ, ಕಂಬಳಿ ಹೊದಿಸಿ, ಎಚ್ಚರವಿದ್ದರೆ ಬೆಚ್ಚಗಿನ ಸಿಹಿ ಪಾನೀಯ ಕೊಡಬೇಕು. ಅಂಥವರನ್ನು ಬೆಚ್ಚಗಾಗಿಸಲೆಂದು ಮತ್ತೆ ಕೊಳಕ್ಕಿಳಿಸುವುದು ಅಪಾಯಕಾರಿ.

ರಾತ್ರಿ ಮತ್ತು ಕಸ

ಖೀರ್‌ಗಂಗೆಯ ಸುತ್ತಲಿನ ಪ್ರದೇಶವನ್ನು 2010ರಲ್ಲಿ ಖೀರ್‌ಗಂಗಾ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಲಾಯಿತು. ಒಂದು ಕಾಲದಲ್ಲಿ ಹುಲ್ಲುಗಾವಲಿನ ಉದ್ದಕ್ಕೂ ಡೇರೆಗಳು ತುಂಬಿಹೋಗಿ, ಪ್ಲಾಸ್ಟಿಕ್ ಮತ್ತು ಮಲಮೂತ್ರದ ಸಮಸ್ಯೆ ಮಿತಿಮೀರಿದಾಗ, ಹೈಕೋರ್ಟಿನ ಆದೇಶದ ಹಿನ್ನೆಲೆಯಲ್ಲಿ 2018ರಲ್ಲಿ ಅರಣ್ಯ ಇಲಾಖೆ ಅಕ್ರಮ ಕ್ಯಾಂಪುಗಳನ್ನು ತೆರವುಗೊಳಿಸಿತು. ತಂಗುವುದಕ್ಕೆ ಎಲ್ಲಿ ಅನುಮತಿ ಇದೆ ಎಂಬುದು ಆಗಾಗ ಬದಲಾಗುವುದರಿಂದ ಆನ್‌ಲೈನ್‌ನಲ್ಲಿ ಹಣ ಕಟ್ಟುವ ಮೊದಲು ಆ ವಾರದ ಸ್ಥಿತಿಯನ್ನು ಬರ್ಶೈನಿ ಅಥವಾ ಕಲ್ಗಾದಲ್ಲಿ ವಿಚಾರಿಸಬೇಕು. ಅನುಮತಿ ಇಲ್ಲವೆಂದರೆ ಬೆಳಿಗ್ಗೆ ಆರಕ್ಕೇ ಹೊರಟು ಸಂಜೆಗೆ ಮರಳುವುದು ಗಟ್ಟಿಮುಟ್ಟಾದವರಿಗೆ ಸಾಧ್ಯ. ಆಗ ಮೇಲೆ ಇರಲು ಮೂರು ಗಂಟೆಗಿಂತ ಹೆಚ್ಚು ಸಿಗದು, ಸ್ನಾನವನ್ನು ಹತ್ತು ನಿಮಿಷಕ್ಕೆ ಮುಗಿಸಬೇಕು.

ಶೌಚಾಲಯವಿದ್ದರೆ ಅದನ್ನೇ ಬಳಸಿ. ಇಲ್ಲದ ಕಡೆ ತೊರೆ, ದಾರಿ, ಗುಡಿಗಳಿಂದ ಕನಿಷ್ಠ 60 ಮೀಟರ್ ದೂರದಲ್ಲಿ ಗೇಣುದ್ದದ ಗುಂಡಿ ತೋಡಿ ಮುಚ್ಚಬೇಕು. ಒದ್ದೆ ಟಿಶ್ಯೂ ಮತ್ತು ಸ್ಯಾನಿಟರಿ ಪ್ಯಾಡುಗಳು ಕಸದ ಚೀಲದಲ್ಲಿ ಕೆಳಗೆ ಬರಬೇಕು. ಮೇಲಿನ ಢಾಬಾದ ಡಬ್ಬಿಗೆ ಹಾಕಿದ ಮ್ಯಾಗಿ ಪೊಟ್ಟಣವನ್ನು ಕೂಡ ಯಾರೋ ಹೊತ್ತು ಇಳಿಸಬೇಕು, ಇಲ್ಲವೇ ಸುಡಬೇಕು. ಈ ಕಾಡುಗಳಲ್ಲಿ ಹಿಮಾಲಯದ ಕಪ್ಪು ಕರಡಿಗಳಿವೆ. ತಿನಿಸು ಮತ್ತು ಉಳಿದ ಊಟವನ್ನು ಡೇರೆಯೊಳಗೆ ಇಟ್ಟುಕೊಂಡು ಮಲಗಬೇಡಿ.

ಇಳಿಯುವ ದಿನ

ಬೆಳಿಗ್ಗೆ ಸ್ನಾನ ಮಾಡಿದವರು ತಿಂಡಿ ತಿಂದು, ಒಂದು ಗಂಟೆ ಕಳೆದ ಮೇಲೆ ಇಳಿಯತೊಡಗಲಿ. ಬಿಸಿನೀರಿಗೆ ಸ್ನಾಯುಗಳು ಸಡಿಲವಾಗಿ, ಪಾದದ ಚರ್ಮ ಮೆತ್ತಗಾಗಿರುತ್ತದೆ. ಆ ಪಾದವನ್ನು ಪೂರ್ತಿ ಒಣಗಿಸದೆ ಬೂಟಿಗೆ ತುರುಕಿದರೆ ರುದ್ರನಾಗ್ ತಲುಪುವುದರೊಳಗೆ ಬೊಬ್ಬೆ ಎದ್ದಿರುತ್ತದೆ. ಮೊದಲ ಎರಡು ಕಿ.ಮೀ. ಕಾಡಿನ ಇಳಿಜಾರಿನಲ್ಲಿ ಬೆಳಗಿನ ಇಬ್ಬನಿಗೆ ಬೇರುಗಳು ಜಾರುತ್ತವೆ, ಊರುಗೋಲು ಇದ್ದವರು ಇಲ್ಲಿ ಬಳಸಬೇಕು. ಇಲ್ಲಿಂದ ಮುಂದಕ್ಕೆ ತುಂಡಾ ಭುಜ್, ಪಾಂಡುಪುಲ್ ದಾಟಿ ಮಾನತಲಾಯಿ ಸರೋವರಕ್ಕೂ, 5,319 ಮೀಟರ್ ಎತ್ತರದ ಪಿನ್ ಪಾರ್ವತಿ ಕಣಿವೆದಾರಿಗೂ ಹೋಗುವ ಹಾದಿ ಇದೆ. ಕೊಳಕ್ಕೆಂದು ತಂದ ಸಾಮಗ್ರಿಯಲ್ಲಿ ಆ ಕಡೆಗೆ ಸುಮ್ಮನೆ ಒಂದಿಷ್ಟು ನೋಡಿಬರೋಣ ಎಂದು ಹೊರಡಬಾರದು.

ಮಧ್ಯಾಹ್ನ ಎರಡರೊಳಗೆ ಬರ್ಶೈನಿ ತಲುಪಿದರೆ ಭುಂತರ್ ಕಡೆಯ ಬಸ್ಸು ಸಿಗುತ್ತದೆ. ಮಣಿಕರಣ್ ರಸ್ತೆ ಇಕ್ಕಟ್ಟಾಗಿದ್ದು, ವಾರಾಂತ್ಯದಲ್ಲಿ ಕಸೋಲ್ ಬಳಿ ವಾಹನಗಳು ಗಂಟೆಗಟ್ಟಲೆ ನಿಲ್ಲುವುದರಿಂದ ಅದೇ ರಾತ್ರಿಯ ದೆಹಲಿ ಬಸ್ಸಿಗೂ ಮರುದಿನ ಬೆಳಗಿನ ವಿಮಾನಕ್ಕೂ ಟಿಕೆಟ್ ಮಾಡಿಸುವುದು ಜೂಜಾಡಿದಂತೆ. ನಡುವೆ ಒಂದು ದಿನ ಖಾಲಿ ಇಟ್ಟುಕೊಳ್ಳಿ. ದಾರಿ ತೆರೆದಿದ್ದರೆ ಆ ದಿನವನ್ನು ಕುಲ್ಲುವಿನಲ್ಲೋ ಮಣಿಕರಣ್‌ನಲ್ಲೋ ಕಳೆಯಬಹುದು, ಗುಡ್ಡ ಕುಸಿದು ರಸ್ತೆ ಮುಚ್ಚಿದ್ದರೆ ಅದೇ ದಿನ ಕೆಲಸಕ್ಕೆ ಬರುತ್ತದೆ.